ವೃತ್ತದ ಎಷ್ಟನೆಯ ಪಾಲು?

400 ಮೀಟರ್ ಓಟ ಶುರುವಾಗುವ ಮುನ್ನ ಓಟಗಾರರು ನಿಂತ ಬಗೆಯನ್ನು ಗಮನಿಸಿ. ಒಬ್ಬರ ಪಕ್ಕಕ್ಕೆ ಒಬ್ಬರು ಸಾಲಾಗಿ ನಿಂತಿರುವುದಿಲ್ಲ. ಒಳಗಿನ ಲೇನ್‌ನವರು ಹಿಂದೆ, ಹೊರಗಿನವರು ಮುಂದೆ, ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತಾರೆ. ಹೊರಗಿನ ತಿರುವು ಉದ್ದವಾದ್ದರಿಂದ ಅವರಿಗೆ ಆ ರಿಯಾಯಿತಿ. ಅದು ಎಷ್ಟಿರಬೇಕು?

ಲೇನ್‌ನ ಅಗಲ 1.22 ಮೀಟರ್. ಎರಡು ತುದಿಗಳ ತಿರುವುಗಳೂ ಅರ್ಧವೃತ್ತಗಳು. ಎರಡೂ ಸೇರಿದರೆ ಒಂದು ಪೂರ್ಣ ವೃತ್ತ. ಒಂದು ಲೇನ್ ಹೊರಗೆ ಸರಿದರೆ ತ್ರಿಜ್ಯ 1.22 ಮೀಟರ್ ಹೆಚ್ಚುತ್ತದೆ, ಪರಿಧಿ 2π × 1.22, ಅಂದರೆ ಸುಮಾರು 7.67 ಮೀಟರ್ ಹೆಚ್ಚುತ್ತದೆ. ಮೂರನೆಯ ಲೇನ್‌ನವರು ಎರಡನೆಯವರಿಗಿಂತ ಮುಂದಿರುವುದು ಅಷ್ಟೇ. (ಮೊದಲೆರಡು ಲೇನ್‌ಗಳ ನಡುವೆ ಮಾತ್ರ ಅದು 7.04 ಮೀಟರ್, ಮೊದಲ ಲೇನ್‌ನ ಉದ್ದವನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಉಳಿದವುಗಳದ್ದನ್ನು 20 ಸೆಂಟಿಮೀಟರ್ ದೂರದಲ್ಲಿ ಅಳೆಯುತ್ತಾರೆ.) ತಿರುವು ಎಷ್ಟು ದೊಡ್ಡದೆಂದು ನಾವು ಕೇಳಲೇ ಇಲ್ಲ ಎಂಬುದನ್ನು ನೋಡಿ. ಮೈದಾನ ಹಿರಿದೋ ಕಿರಿದೋ, ಉತ್ತರ ಒಂದೇ. 200 ಮೀಟರ್ ಓಟದಲ್ಲಿ ಒಂದೇ ತಿರುವು, ಅರ್ಧ ವೃತ್ತ. ಹಾಗಾಗಿ ವ್ಯತ್ಯಾಸವೂ ಅರ್ಧ.

ಆ ‘ಅರ್ಧ’ ಎಂಬ ಮಾತಿನಲ್ಲೇ ಕೋನ, ಕಂಸ (ಪರಿಧಿಯ ಒಂದು ತುಣುಕು), ತ್ರಿಜ್ಯಾಂತರ ಖಂಡ (ಎರಡು ತ್ರಿಜ್ಯಗಳೂ ಕಂಸವೂ ಸುತ್ತುವರಿದ ಹೋಳು), ಇವುಗಳ ಲೆಕ್ಕವೆಲ್ಲ ಅಡಗಿದೆ. ಪಠ್ಯಪುಸ್ತಕಗಳು ಇವಕ್ಕೆ ಬೇರೆ ಬೇರೆ ಸೂತ್ರ ಕೊಡುತ್ತವೆ, ಮಕ್ಕಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಹೊತ್ತಿಗೆ ಅದಲುಬದಲು ಮಾಡುತ್ತಾರೆ. ಒಂದೇ ಪ್ರಶ್ನೆ ಸಾಕು ಎಂಬುದು ನನ್ನ ದೃಢ ನಂಬಿಕೆ: ಇದು ಇಡೀ ವೃತ್ತದ ಎಷ್ಟನೆಯ ಪಾಲು? ಕೇಂದ್ರದಲ್ಲಿ 72 ಡಿಗ್ರಿ ಇದ್ದರೆ 360ರಲ್ಲಿ ಅದು ಐದನೆಯ ಒಂದು. ಹಾಗಾದರೆ ಕಂಸ ಪರಿಧಿಯ ಐದನೆಯ ಒಂದು, ಖಂಡದ ವಿಸ್ತೀರ್ಣ ವೃತ್ತದ ವಿಸ್ತೀರ್ಣದ ಐದನೆಯ ಒಂದು. ತ್ರಿಜ್ಯ 10 ಸೆಂಟಿಮೀಟರ್ ಆದರೆ ಪರಿಧಿ ಸುಮಾರು 62.8, ಕಂಸ 12.6 ಸೆಂಟಿಮೀಟರ್, ವೃತ್ತದ ವಿಸ್ತೀರ್ಣ 314, ಖಂಡದ್ದು 62.8 ಚದರ ಸೆಂಟಿಮೀಟರ್. ಖಂಡದ ಸುತ್ತಳತೆ ಕೇಳಿದಾಗ ಮಾತ್ರ ಕಂಸದ ಜೊತೆಗೆ ಎರಡು ತ್ರಿಜ್ಯಗಳನ್ನೂ ಕೂಡಿಸಬೇಕು. ಹೆಚ್ಚಿನವರು ಎಡವುವುದು ಅಲ್ಲೇ.

ಕೋನವೇ ಗೊತ್ತಿಲ್ಲದಿದ್ದರೂ ಕಂಸದ ಉದ್ದದಿಂದ ಖಂಡದ ವಿಸ್ತೀರ್ಣ ಸಿಗುತ್ತದೆ. ಮತ್ತೆ ಓಟದ ಲೇನ್‌ಗಳನ್ನೇ ನೆನೆಯೋಣ. ಖಂಡದ ತುಂಬ, ಕೇಂದ್ರದಿಂದ ಅಂಚಿನವರೆಗೆ, ಕೂದಲೆಳೆಯಷ್ಟು ಕಿರಿದಾದ ಲೇನ್‌ಗಳನ್ನು ಎಳೆದಿದ್ದೇವೆ ಎಂದುಕೊಳ್ಳಿ. ಒಂದೊಂದನ್ನೂ ಎತ್ತಿ, ನೆಟ್ಟಗೆ ಮಾಡಿ, ಒಂದರ ಮೇಲೊಂದು ಜೋಡಿಸಿ. ಪ್ರತಿ ಹೆಜ್ಜೆಗೂ ಉದ್ದ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಜೋಡಿಸಿದ ರಾಶಿಯ ಅಂಚು ನೇರ ಗೆರೆಯಾಗುತ್ತದೆ. ಎದುರಿಗಿರುವುದು ಒಂದು ತ್ರಿಭುಜ: ಪಾದ ಕಂಸದಷ್ಟು, ಎತ್ತರ ತ್ರಿಜ್ಯದಷ್ಟು. ವಿಸ್ತೀರ್ಣ ಅವೆರಡರ ಗುಣಲಬ್ಧದ ಅರ್ಧ. ಮೇಲಿನ ಉದಾಹರಣೆಯಲ್ಲಿ 10ನ್ನು ಸುಮಾರು 12.57ರಿಂದ ಗುಣಿಸಿ ಅರ್ಧ ಮಾಡಿದರೆ ಅದೇ 62.8. ರೇಖಾಗಣಿತದಲ್ಲಿ ಇದಕ್ಕಿಂತ ಚೆಲುವಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು 360 ಎಂಬ ಸಂಖ್ಯೆ. ಅದು ವೃತ್ತದ ಸ್ವಭಾವದಲ್ಲಿ ಇರುವುದಲ್ಲ. ಅರವತ್ತರ ಲೆಕ್ಕದಲ್ಲಿ ಪಳಗಿದ ಬ್ಯಾಬಿಲೋನಿಯದವರಿಂದ ಬಂದ ಬಳುವಳಿ. ಅನೇಕ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಉಳಿದುಕೊಂಡಿತು. ವೃತ್ತದ್ದೇ ಆದ ಅಳತೆ ಬೇರೆ: ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನ. ಅದೇ ರೇಡಿಯನ್, ಸುಮಾರು 57.3 ಡಿಗ್ರಿ.

ರೇಡಿಯನ್ ಎಂಬ ಹೆಸರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಎಷ್ಟೋ ಮುಂಚೆ, 499ರಲ್ಲಿ, ಆರ್ಯಭಟ ಇದಕ್ಕೆ ತೀರ ಹತ್ತಿರ ಬಂದಿದ್ದ. 20,000 ವ್ಯಾಸಕ್ಕೆ 62,832 ಪರಿಧಿ ಎಂದು ಹೇಳಿ, ಅದು ‘ಆಸನ್ನ’, ಅಂದರೆ ಸಮೀಪದ ಬೆಲೆ ಮಾತ್ರ ಎಂದು ಪ್ರಾಮಾಣಿಕವಾಗಿ ಸೇರಿಸಿದ. ಪರಿಧಿಯಲ್ಲಿ 360 ಡಿಗ್ರಿ, ಒಂದೊಂದರಲ್ಲಿ 60 ಕಲೆ, ಒಟ್ಟು 21,600 ಕಲೆ. ಅದೇ ಕಲೆಯಿಂದ ತ್ರಿಜ್ಯವನ್ನೂ ಅಳೆದರೆ 3,438 ಬರುತ್ತದೆ. ಅಷ್ಟು ಕಲೆಗಳನ್ನು ಡಿಗ್ರಿ ಮಾಡಿ ನೋಡಿ: 57.3!

ಬಾಗಿದ್ದನ್ನೂ ನೆಟ್ಟಗಿರುವುದನ್ನೂ ಒಂದೇ ಕೋಲಿನಿಂದ ಅಳೆದದ್ದರ ಫಲ ಅವನ ಕೋಷ್ಟಕದಲ್ಲಿ ಕಾಣುತ್ತದೆ. ಕಂಸ ಚಾಪ, ಅಂದರೆ ಬಿಲ್ಲು. ಅದರ ತುದಿಗಳನ್ನು ಸೇರಿಸುವ ಜ್ಯಾ ಬಿಲ್ಲಿನ ಹೆದೆ. ಕೋಷ್ಟಕದಲ್ಲಿ ಇರುವುದು ಅರ್ಧ ಬಿಲ್ಲಿನ ಕಂಸಕ್ಕೆ ಅರ್ಧ ಹೆದೆ ಎಷ್ಟು ಎಂಬುದು; ಆ ಅರ್ಧ ಹೆದೆಯೇ ಅರ್ಧಜ್ಯಾ. ಕೋಷ್ಟಕದ ಮೊದಲ ಸಾಲಿನಲ್ಲಿ 225 ಕಲೆಯ ಕಂಸಕ್ಕೆ ಅರ್ಧಜ್ಯಾ ಕೂಡ 225: ಬಾಗು ಅಷ್ಟು ಚಿಕ್ಕದಾದಾಗ ಬಿಲ್ಲೂ ಹೆದೆಯೂ ಹೆಚ್ಚುಕಡಿಮೆ ಒಂದೇ. ಇಪ್ಪತ್ತನಾಲ್ಕನೆಯ ಸಾಲಿನಲ್ಲಿ, ಕಾಲು ವೃತ್ತ ಮುಗಿಯುವಲ್ಲಿ, ಕಂಸ 5,400 ಕಲೆಗೆ ಬೆಳೆದಿರುತ್ತದೆ, ಅರ್ಧಜ್ಯಾ 3,438ರಲ್ಲೇ ನಿಂತಿರುತ್ತದೆ.