ಸಂಧಾನಕ್ಕೆ ಸಹಿ ಬೀಳುವುದಿಲ್ಲ

‘ಸಂಧಾನಕ್ಕೆ ಸಹಿ ಬೀಳುವ ಹಿಂದಿನ ರಾತ್ರಿ ಸಂಧಾನಕಾರನೇ ಕಾಣೆಯಾಗುತ್ತಾನೆ.’ ಮೊನ್ನೆ ಕೈಗೆ ಬಂದ ಒಂದು ರಾಜಕೀಯ ಥ್ರಿಲ್ಲರ್ ಕಾದಂಬರಿಯ ಬೆನ್ನುಡಿಯಲ್ಲಿದ್ದ ವಾಕ್ಯ ಇದು. ಕಥೆ ಚೆನ್ನಾಗಿದೆ. ವಾಕ್ಯ ಮಾತ್ರ ತಪ್ಪು. ಇದೇ ತಪ್ಪನ್ನು ಸುದ್ದಿಯ ತಲೆಬರಹಗಳಲ್ಲೂ ನೋಡಿ ನೋಡಿ ಸಾಕಾಗಿದೆ. ‘ಸಂಧಾನವಾಯಿತು, ಯುದ್ಧ ಮುಗಿಯಿತು’ ಅಂತ ಬರೆದುಬಿಡುತ್ತಾರೆ. ಸಹಿ ಬೀಳುವುದು ಒಪ್ಪಂದಕ್ಕೆ. ಸಂಧಾನ ಅನ್ನುವುದು ಅದಕ್ಕೂ ಮುಂಚಿನ ಕೆಲಸ. ಆ ಕೆಲಸ ಕೈಗೂಡಬಹುದು, ಕೈಗೂಡದೆಯೂ ಹೋಗಬಹುದು.

ಪದದ ಒಳಗೇ ಇದು ಕಾಣುತ್ತದೆ. ‘ಧಾ’ ಅಂದರೆ ಇಡು. ‘ಸಂ’ ಅಂದರೆ ಒಟ್ಟಿಗೆ. ಸಂಧಾನ ಅಂದರೆ ಒಟ್ಟಿಗೆ ತಂದಿಡುವುದು, ಜೋಡಿಸುವುದು. ವಿಧಾನ, ಸಮಾಧಾನ ಎಲ್ಲ ಇದೇ ಧಾತುವಿನ ಮಕ್ಕಳು. ಕೊನೆಯ ‘ಅನ’ ಸಾಮಾನ್ಯವಾಗಿ ಕ್ರಿಯೆಗೆ ಹೆಸರು ಕೊಡುತ್ತದೆ: ಗಮನ, ಪಠಣ, ಭೋಜನ. ಸಂಧಾನವೂ ಹಾಗೇ, ಒಂದು ಕ್ರಿಯೆ.

ಈ ಪದ ಬೇರೆ ಎಲ್ಲೆಲ್ಲಿ ಬರುತ್ತದೆ ನೋಡಿ. ಬಿಲ್ಲಿನ ಹೆದೆಗೆ ಬಾಣ ಹೂಡುವುದು ಶರಸಂಧಾನ. ಹೂಡಿದ ಬಾಣ ಇನ್ನೂ ಹೊರಟಿಲ್ಲ, ಗುರಿ ಮುಟ್ಟುವ ಮಾತು ಆಮೇಲಿನದು. ಮುರಿದ ಮೂಳೆ ಕೂಡಿಸುವುದನ್ನು ಆಯುರ್ವೇದದಲ್ಲಿ ಸಂಧಾನ ಅನ್ನುತ್ತಾರೆ. ಆಸವ, ಅರಿಷ್ಟ ಎಂಬ ದ್ರವ ಔಷಧಿಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಹುಳಿಯಲು ಬಿಡುವುದಕ್ಕೂ ಅಲ್ಲಿ ಇದೇ ಹೆಸರು. ಶಾಂತಿ ಮಾತುಕತೆಗೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಹೊಳೆಯುವುದಿಲ್ಲ. ಒಳಗೆ ಏನೋ ನಡೆಯುತ್ತಿರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಬೇಗ ಮುಚ್ಚಳ ತೆಗೆದರೆ ಕೆಟ್ಟುಹೋಗುತ್ತದೆ.

ಸಂಧಿಯೂ ಇದೇ ಬೇರಿನದು. ಆದರೆ ಸಂಧಿ ಅಂದರೆ ಕೂಡಿ ಆದದ್ದು. ವ್ಯಾಕರಣದ ಸಂಧಿ, ಮೈಯ ಸಂಧಿ, ಹಳೆಯ ಕಾವ್ಯಗಳ ಸಂಧಿ ಎಲ್ಲ ಗೊತ್ತಿರುವುದೇ. ರಾಜನೀತಿಯ ಸಂಧಿಯನ್ನು ಕೌಟಿಲ್ಯ ಎರಡೇ ಪದದಲ್ಲಿ ಹೇಳಿದ್ದಾನೆ: ‘ಪಣಬಂಧಃ ಸಂಧಿಃ’. ಷರತ್ತುಗಳಿಂದ ಕಟ್ಟಿಕೊಂಡದ್ದು ಸಂಧಿ. ಅದರ ಎದುರು ಪದ ವಿಗ್ರಹ, ಅಂದರೆ ಬೇರೆಯಾಗುವುದು, ಜಗಳ. ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಅನ್ನುವ ಅಧಿಕಾರಿ ಬರುತ್ತಾನೆ. ಒಪ್ಪಂದ, ಯುದ್ಧ ಎರಡೂ ಅವನ ಖಾತೆ. ಇಷ್ಟು ಒಳ್ಳೆಯ ಪದ ಕಾದಂಬರಿಕಾರರ ಕಣ್ಣಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಸಂಸ್ಕೃತದ ನಿಘಂಟು ತೆಗೆದರೆ ಸಂಧಾನಕ್ಕೆ ಒಪ್ಪಂದ ಅನ್ನುವ ಅರ್ಥವೂ ಸಿಗುತ್ತದೆ, ನಿಜ. ಆದರೆ ಕನ್ನಡ ಈ ಎರಡನ್ನೂ ಬೇರೆ ಮಾಡಿಕೊಂಡಿದೆ. ಅದಕ್ಕೆ ದೊಡ್ಡ ಸಾಕ್ಷಿ ಯಕ್ಷಗಾನದ ‘ಕೃಷ್ಣ ಸಂಧಾನ’. ಕೃಷ್ಣ ಹಸ್ತಿನಾಪುರಕ್ಕೆ ಹೋಗುತ್ತಾನೆ. ಐದು ಊರಾದರೂ ಕೊಡು ಅನ್ನುತ್ತಾನೆ. ದುರ್ಯೋಧನ ಸೂಜಿಮೊನೆಯಷ್ಟು ನೆಲವನ್ನೂ ಬಿಡುವುದಿಲ್ಲ. ಮಾತುಕತೆಗೆ ಬಂದವನನ್ನೇ ಕಟ್ಟಿಹಾಕಲು ಹೊರಡುತ್ತಾನೆ. ಒಪ್ಪಂದ ಆಗಲೇ ಇಲ್ಲ, ಆದದ್ದು ಕುರುಕ್ಷೇತ್ರ. ಆದರೂ ಅದರ ಹೆಸರು ಕೃಷ್ಣ ಸಂಧಾನ! ಸಂಧಾನ ಅಂದರೆ ಒಪ್ಪಂದ ಅನ್ನುವುದಾದರೆ ಈ ಹೆಸರಿಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ಇದು ಫಲಿಸುವುದಿಲ್ಲ ಎಂದು ವಿದುರ ಮೊದಲೇ ಎಚ್ಚರಿಸಿದ್ದ. ಗೊತ್ತಿದ್ದೂ ಪ್ರಯತ್ನ ಮಾಡಲೇಬೇಕು ಅಂದವನು ಕೃಷ್ಣ.

‘ಸಂಧಾನ ಶುರುವಾಯಿತು, ಇನ್ನು ಗುಂಡು ಹಾರುವುದಿಲ್ಲ’ ಅನ್ನುವುದು ಇನ್ನೊಂದು ತಪ್ಪು. ಕೊರಿಯಾ ಯುದ್ಧದಲ್ಲಿ ಮಾತುಕತೆ ಶುರುವಾದದ್ದು 1951ರ ಜುಲೈನಲ್ಲಿ. ಯುದ್ಧಕೈದಿಗಳನ್ನು ಹೇಗೆ ಹಿಂದಿರುಗಿಸಬೇಕು ಅನ್ನುವುದರಲ್ಲೇ ಬಹಳ ಕಾಲ ಸಿಕ್ಕಿಕೊಂಡಿತು. ಸಹಿ ಬಿದ್ದದ್ದು 1953ರ ಜುಲೈ 27ರಂದು. ನಡುವಿನ ಎರಡು ವರ್ಷ ಒಂದು ಕಡೆ ಮೇಜು, ಇನ್ನೊಂದು ಕಡೆ ರಣರಂಗ, ಎರಡೂ ನಡೆದವು. ಕೊನೆಗೆ ಸಹಿಯಾದದ್ದೂ ಕದನವಿರಾಮಕ್ಕೆ, ಶಾಂತಿ ಒಪ್ಪಂದಕ್ಕಲ್ಲ. ಕದನವಿರಾಮ ಬಂದೂಕನ್ನು ನಿಲ್ಲಿಸುತ್ತದೆ, ಜಗಳವನ್ನು ಬಗೆಹರಿಸುವುದಿಲ್ಲ. ಆ ಎರಡು ಕೊರಿಯಾಗಳ ನಡುವೆ ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ವಿಯೆಟ್ನಾಂ ಯುದ್ಧದ ಪ್ಯಾರಿಸ್ ಮಾತುಕತೆಯಲ್ಲಂತೂ ಮೇಜಿನ ಆಕಾರ ಹೇಗಿರಬೇಕು ಅನ್ನುವುದಕ್ಕೇ ವಾರಗಟ್ಟಲೆ ಹಿಡಿಯಿತು. ಹೊರಗಿನಿಂದ ಇದು ಹಟದಂತೆ ಕಾಣುತ್ತದೆ. ಆದರೆ ಯಾರು ಯಾರ ಪಕ್ಕ ಕೂತರು ಅನ್ನುವುದರಿಂದಲೇ ಯಾರನ್ನು ಸಮಾನ ಎಂದು ಒಪ್ಪಿಕೊಂಡರು ಅನ್ನುವುದು ತೀರ್ಮಾನವಾಗಿಬಿಡುತ್ತದೆ. ಇದೂ ಸಂಧಾನವೇ.

ರಾಜಿ ಬೇರೆ ಪದ. ಅರಬ್ಬಿಯಿಂದ ಬಂದದ್ದು, ಒಪ್ಪಿಗೆ ಅಂತ ಅರ್ಥ. ಲೋಕ ಅದಾಲತ್‌ನವರು ಹೇಳುವ ‘ರಾಜಿ ಸಂಧಾನ’ ಸರಿಯಾಗಿಯೇ ಇದೆ: ರಾಜಿಗಾಗಿ ನಡೆಸುವ ಸಂಧಾನ.

ಇನ್ನು ಸಂಧಾನಕಾರ. ಒಂದು ಪಕ್ಷದ ಪರವಾಗಿ ಮೇಜಿಗೆ ಕೂರುವವನನ್ನೂ, ಎರಡು ಪಕ್ಷಗಳ ನಡುವೆ ನಿಂತವನನ್ನೂ ನಾವು ಹೀಗೇ ಕರೆಯುತ್ತೇವೆ. ನಡುವೆ ನಿಂತವನನ್ನು ಮಧ್ಯಸ್ಥ ಅನ್ನುವುದು ವಾಸಿ. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್, ಇಸ್ರೇಲಿನ ಪ್ರಧಾನಿ ಬೆಗಿನ್ ತಮ್ಮ ತಮ್ಮ ದೇಶದ ಪರವಾಗಿ ಮಾತಾಡಿದರು. ಹದಿಮೂರು ದಿನ ಅವರಿಬ್ಬರ ನಡುವೆ ಓಡಾಡಿದ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಧ್ಯಸ್ಥ. ಥ್ರಿಲ್ಲರ್‌ನಲ್ಲಿ ಈ ವ್ಯತ್ಯಾಸ ಜಾಸ್ತಿ ಮುಖ್ಯ. ಮಧ್ಯಸ್ಥನ ಮೇಲೆ ಎರಡೂ ಕಡೆಯವರಿಗೆ ಅನುಮಾನ. ಪಕ್ಷದ ಪರ ಕೂತವನ ಮೇಲೆ ಅವನ ಕಡೆಯವರಿಗೇ ಅನುಮಾನ, ಎಲ್ಲಿ ನಮ್ಮನ್ನು ಮಾರಿಬಿಡುತ್ತಾನೋ ಎಂದು. ಇದು ಬರೀ ಕಟ್ಟುಕಥೆಯಲ್ಲ. ಸಾದಾತ್‌ರನ್ನು 1981ರಲ್ಲಿ ಕೊಂದವರು ಅವರದೇ ಸೇನೆಯವರು. ನಾರ್ವೆಯ ಗುಟ್ಟಿನ ಮಾತುಕತೆಯ ಫಲವಾಗಿ 1993ರಲ್ಲಿ ಇಸ್ರೇಲಿಗೂ ಪ್ಯಾಲೆಸ್ತೀನಿಯರಿಗೂ ನಡುವೆ ಓಸ್ಲೋ ಒಪ್ಪಂದ ಆಯಿತು. ಅದರ ಹಿಂದಿದ್ದ ಇಸ್ರೇಲಿನ ಪ್ರಧಾನಿ ರಾಬಿನ್‌ರನ್ನು 1995ರಲ್ಲಿ ಕೊಂದವನೂ ಇಸ್ರೇಲಿನವನೇ.

ಇಂಥ ಕಾದಂಬರಿಗಳ ಉಸಿರು ಇರುವುದೇ ಮೇಜಿಗೆ ಕೂತ ಗಳಿಗೆಗೂ ಸಹಿ ಬೀಳುವ ಗಳಿಗೆಗೂ ನಡುವೆ. ಆ ಹೊತ್ತಿನ ಹೆಸರು ಸಂಧಾನ. ಅದನ್ನೇ ಸಹಿಯಾದ ಕಾಗದಕ್ಕೂ ಇಟ್ಟರೆ, ಕಥೆ ನಡೆಯುವ ಆ ನಡುವಿನ ಹೊತ್ತಿಗೆ ಹೆಸರೇ ಉಳಿಯುವುದಿಲ್ಲ. ಆ ಬೆನ್ನುಡಿ ಮರುಮುದ್ರಣ ಆಗುವುದಾದರೆ ಹೀಗಿರಲಿ: ‘ಒಪ್ಪಂದಕ್ಕೆ ಸಹಿ ಬೀಳುವ ಹಿಂದಿನ ರಾತ್ರಿ ಮಧ್ಯಸ್ಥನೇ ಕಾಣೆಯಾಗುತ್ತಾನೆ.’