ಕೊಡ ಎಲ್ಲಿ ತುಂಬುತ್ತೆ ಅಂತ ಮೊದಲು ಕೇಳಿ

ಯಾದಗಿರಿ ಕಡೆ ನೀರಿನ ಅಧ್ಯಯನಕ್ಕೆ ಬರುವ ಹೊಸಬರಿಗೆ ನಾನು ಹೇಳುವುದು ಇಷ್ಟೇ. ಮಾದರಿ ತುಂಬುವ ಬಾಟಲಿಗಳು ಜೀಪಿನಲ್ಲೇ ಇರಲಿ. ಊರಲ್ಲಿ ನೀರು ಹೊರುವವರ ಜೊತೆ ಒಂದು ಬೆಳಗ್ಗೆ ಓಡಾಡಿ.

ನಕ್ಷೆಯಲ್ಲಿರುವ ಬೋರ್‌ವೆಲ್ ಒಂದು, ಜನ ಕುಡಿಯುವ ನೀರು ಇನ್ನೊಂದು. ರಸ್ತೆ ಪಕ್ಕದ ಕೈಪಂಪು ಬರೀ ಬಟ್ಟೆ, ಪಾತ್ರೆಗೆ ಇರಬಹುದು. "ಆ ನೀರಾಗ ಬ್ಯಾಳಿ ಕುದಿಯಲ್ರೀ ಮೇಡಂ" ಅಂತಾರೆ ಹೆಂಗಸರು. ಈ ತೊಗರಿ ಸೀಮೆಯಲ್ಲಿ ನೀರಿನ ಪರೀಕ್ಷೆ ಒಲೆ ಮೇಲೇ ಆಗುತ್ತದೆ, ಅದು ಸರಿಯಾದ ಪರೀಕ್ಷೆಯೂ ಹೌದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಹಾಗಾಗಿ ಬೇಳೆ ಬೇಯುವ ನೀರನ್ನು ದೂರದಿಂದಾದರೂ ಹೊತ್ತು ತರುತ್ತಾರೆ.

ತೊಡಕಿರುವುದು ಇಲ್ಲೇ. ಸುರಪುರ, ಶಹಾಪುರ ಕಡೆಯ ಗ್ರಾನೈಟ್ ಬಂಡೆಯಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಕಡಿಮೆ ಇದ್ದರೆ ನೀರಲ್ಲೇ ಉಳಿಯುತ್ತದೆ. ಅಂದರೆ ಬೇಳೆಗೆ ಒಗ್ಗುವ ಮೆದು ನೀರೇ ಹಲ್ಲು, ಮೂಳೆಗೆ ಕೆಟ್ಟದ್ದಾಗಿರಬಹುದು. ಫ್ಲೋರೈಡ್ ಕುಡಿಯುವ ನೀರಿನ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೂ ನಾಲಿಗೆಗೆ ಗೊತ್ತಾಗಲ್ಲ, ಕುದಿಸಿದರೂ ಹೋಗಲ್ಲ. ಹೆಂಗಸರ ಒಲೆ, ನಮ್ಮ ಲ್ಯಾಬು, ಎರಡರಲ್ಲಿ ಒಂದನ್ನು ಬಿಟ್ಟರೂ ಈ ಅಪಾಯ ಕಾಣುವುದಿಲ್ಲ.

ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿಗೆ ಬೀಳುವ ಕಲೆ ನೋಡುವಾಗಲೂ ಅಷ್ಟೇ. ಕಲೆ ಬೀಳುವುದು ಹಲ್ಲು ಒಸಡಿನೊಳಗೆ ಬೆಳೆಯುವಾಗ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಇವತ್ತಿನ ಕಲೆ ಎಂದೋ ಕುಡಿದ ನೀರಿನದು. ಸುಗ್ಗಿ ಮುಗಿದ ಮೇಲೆ ಎಷ್ಟೋ ತಾಂಡಾಗಳ ಜನ ಮಕ್ಕಳನ್ನೂ ಕಟ್ಟಿಕೊಂಡು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ವರ್ಷಗಳಲ್ಲಿ ಮಗು ಎಲ್ಲಿತ್ತು ಅಂತ ತಾಯಿಯನ್ನು ಕೇಳದೆ, ಊರಿನ ಬೋರ್‌ವೆಲ್ ಲೆಕ್ಕಕ್ಕೆ ಆ ಹಲ್ಲನ್ನು ಸೇರಿಸುವುದು ತಪ್ಪು. ಕೂಲಿಗೆ ಹೋದವರು ಹಗಲೆಲ್ಲ ಹೊಲದ ನೀರನ್ನೇ ಕುಡಿಯುತ್ತಾರೆ, ಅದನ್ನೂ ಕೇಳಿ.

ಫ್ಲೋರೈಡ್ ಒಂದನ್ನೇ ನೋಡಿ ನೀರು ಚೆನ್ನಾಗಿದೆ ಅನ್ನಬೇಡಿ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದೆ.

ಫಲಿತಾಂಶ ಮೊದಲು ತಲುಪಬೇಕಾದ್ದು ಆ ಓಣಿಗೆ. ವರದಿ ಅಚ್ಚಾಗುವವರೆಗೆ ಕಾಯುವಂತಿಲ್ಲ, ಅಷ್ಟರಲ್ಲಿ ಜನ ಕುಡಿಯುತ್ತಲೇ ಇರುತ್ತಾರಲ್ವಾ? ತಾಂಡಾದಲ್ಲಾದರೆ ಲಂಬಾಣಿ ಬಲ್ಲವರಿಂದಲೇ ಹೇಳಿಸಿ. ಹೇಳಿದ ತಕ್ಷಣ "ಮತ್ತ ಯಾವ ನೀರು ಕುಡೀಬೇಕ್ರಿ?" ಅಂತ ಕೇಳುತ್ತಾರೆ. ಅದಕ್ಕೆ ಸುಮ್ನೆ ತಲೆ ಆಡಿಸಿದರೆ ನಡೆಯಲ್ಲ. ಹತ್ತಿರದ ಬಾವಿ, ಬೋರ್‌ವೆಲ್‌ಗಳ ನೀರನ್ನೂ ಅದೇ ಸುತ್ತಿನಲ್ಲಿ ಪರೀಕ್ಷೆ ಮಾಡಿಸಿಟ್ಟುಕೊಂಡೇ ಹೋಗಿ.