‘ಎರಡರಲ್ಲಿ ಒಂದು’ ಅಂತ ಟಿಕ್ ಮಾಡುವ ಮುಂಚೆ

ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಾನು ರೀಸನಿಂಗ್ ಹೇಳಿಕೊಡುತ್ತೇನೆ. ಅಸಮಾನತೆಯ ಪ್ರಶ್ನೆ ಅಂದರೆ ಎಲ್ಲರಿಗೂ ಖುಷಿ. ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಚಿಹ್ನೆಗಳಲ್ಲಿ ಒಂದು ಹೇಳಿಕೆ ಕೊಟ್ಟು, ಜೊತೆಗಿರುವ ಎರಡು ತೀರ್ಮಾನಗಳಲ್ಲಿ ಯಾವುದು ಖಚಿತ ಅಂತ ಕೇಳುತ್ತಾರೆ. ಸುಲಭ ಅಂತ ಅವಸರ ಮಾಡುತ್ತಾರೆ, ಅಂಕ ಹೋಗುವುದೂ ಅಲ್ಲೇ. ಬ್ಯಾಂಕ್ ಅಧಿಕಾರಿ ಹುದ್ದೆಯ ಮೊದಲ ಹಂತದ ಪರೀಕ್ಷೆಯಾದ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್‌ನ 35 ಪ್ರಶ್ನೆಗೆ 20 ನಿಮಿಷ. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಡಿತ.

ಈ ಹೇಳಿಕೆ ನೋಡಿ:

ಪಿ ≥ ಕ್ಯೂ = ಆರ್ > ಎಸ್ ≤ ಟಿ

ಪಿಯಿಂದ ಎಸ್‌ವರೆಗೆ ಚಿಹ್ನೆಗಳೆಲ್ಲ ಒಂದೇ ಕಡೆ ಬಾಯಿ ತೆರೆದಿವೆ. ನಡುವೆ ಒಂದು ‘>’ ಇದ್ದರೂ ಸಾಕು, ಪಿ > ಎಸ್ ಖಚಿತ. ಪಿಯಿಂದ ಆರ್‌ವರೆಗೆ ಅಂಥದ್ದಿಲ್ಲ. ಹಾಗಾಗಿ ಅಲ್ಲಿ ಹೇಳಬಹುದಾದದ್ದು ಪಿ ≥ ಆರ್ ಅಷ್ಟೇ.

ಪಿಗೂ ಟಿಗೂ? ದಾರಿಯಲ್ಲಿ ಚಿಹ್ನೆ ತಿರುಗಿದೆ, ಏನೂ ಹೇಳೋಕಾಗಲ್ಲ. ಮುಳ್ಳಯ್ಯನಗಿರಿ ಬಾಬಾಬುಡನ್‌ಗಿರಿಗಿಂತ ಎತ್ತರ, ಕುದುರೆಮುಖಕ್ಕಿಂತಲೂ ಎತ್ತರ. ಇಷ್ಟರಿಂದಲೇ ಉಳಿದ ಎರಡರಲ್ಲಿ ಯಾವುದು ಎತ್ತರ ಅಂತ ಹೇಳೋಕಾಗುತ್ತಾ? ಇಲ್ಲ ಅಲ್ವಾ.

ಹುಡುಗರು ಜಾಸ್ತಿ ಎಡವುವುದು ‘1 ಅಥವಾ 2’, ಅಂದರೆ ಎರಡು ತೀರ್ಮಾನಗಳಲ್ಲಿ ಯಾವುದೋ ಒಂದು ಸರಿ, ಅನ್ನುವ ಆಯ್ಕೆಯಲ್ಲಿ. ತೀರ್ಮಾನಗಳು ‘ಪಿ > ಆರ್’, ‘ಪಿ = ಆರ್’ ಎಂದಿದ್ದರೆ ಅದೇ ಸರಿ. ಯಾವುದು ಅಂತ ಗೊತ್ತಿಲ್ಲ, ಆದರೆ ಎರಡರಲ್ಲಿ ಒಂದು ಆಗಲೇಬೇಕು. ಈಗ ತೀರ್ಮಾನಗಳು ‘ಪಿ > ಟಿ’, ‘ಪಿ < ಟಿ’ ಎಂದಿರಲಿ. ಸಂಬಂಧ ಗೊತ್ತಿಲ್ಲ, ಹಾಗಾದರೆ ಎರಡರಲ್ಲಿ ಒಂದು ಅಂತ ಕ್ಲಾಸಿನ ಅರ್ಧ ಜನ ಕೈ ಎತ್ತುತ್ತಾರೆ. ನಾನು ಬೋರ್ಡಿನ ಮೇಲೆ ಎಸ್‌ಗೆ 1, ಉಳಿದ ಎಲ್ಲಕ್ಕೂ 5 ಬರೆಯುತ್ತೇನೆ. ಹೇಳಿಕೆ ಪೂರ್ತಿ ಸರಿಯಾಗಿಯೇ ಇದೆ. ಪಿ, ಟಿ ಎರಡೂ 5, ಸಮ. ಅಂದಮೇಲೆ ಎರಡು ತೀರ್ಮಾನವೂ ನಿಲ್ಲಲ್ಲ. ‘ಪಿ > ಟಿ’ ಜೊತೆ ‘ಪಿ ≤ ಟಿ’ ಕೊಟ್ಟಿದ್ದರೆ ಮಾತ್ರ ‘1 ಅಥವಾ 2’. ಆಗ ದೊಡ್ಡದು, ಚಿಕ್ಕದು, ಸಮ, ಮೂರೂ ಒಳಗೆ ಬಂದವು. ಈ ಮೂರನ್ನು ಎಣಿಸದೆ ಸುಮ್ನೆ ಟಿಕ್ ಮಾಡಬೇಡಿ ಅಂತ ನಾನು ಪ್ರತಿ ಬ್ಯಾಚಿಗೂ ಬೇಡಿಕೊಳ್ಳುತ್ತೇನೆ.

ಇನ್ನೊಂದು ಬಲೆ ಇದೆ. ‘ಪಿ > ಎಸ್’, ‘ಪಿ ≤ ಎಸ್’ ಕೊಡುತ್ತಾರೆ. ಜೋಡಿ ನೋಡಲು ಹಾಗೇ ಇದೆ, ಆದರೆ ಮೊದಲನೆಯದು ಆಗಲೇ ಖಚಿತ. ಉತ್ತರ 1 ಮಾತ್ರ.

ಚಿಹ್ನೆಯ ಬದಲು ಬೇರೆ ಗುರುತು ಕೊಟ್ಟು, ಅದರ ಅರ್ಥವನ್ನು ಮಾತಿನಲ್ಲಿ ಹೇಳುವ ಕೋಡ್ ರೂಪದ ಪ್ರಶ್ನೆಗೆ ಬೇರೆ ಉಪಾಯ ಬೇಕಿಲ್ಲ. ‘ಚಿಕ್ಕದಲ್ಲ’ ಅಂದರೆ ≥, ‘ದೊಡ್ಡದೂ ಅಲ್ಲ, ಸಮವೂ ಅಲ್ಲ’ ಅಂದರೆ <. ಮೊದಲು ರಫ್ ಶೀಟಿನಲ್ಲಿ ಚಿಹ್ನೆಗೆ ಇಳಿಸಿಕೊಳ್ಳಿ, ಆಮೇಲೆ ತೀರ್ಮಾನ ಓದಿ.